ಸರ್ಕಾರ ಬಿಟ್ಟರೂ ಬಿಡದ ಅತ್ತೆ

ನಮ್ಮತ್ತೆಯನ್ನು ಕಂಡು ಕೊರೊನಾ ಹೆದರಿತ್ತು ಅಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಆದರೆ ಆ ದಿನಗಳಲ್ಲಿ ಅವರು ಕೊತ್ತತ್ತಿಯ ಮನೆಬಾಗಿಲಲ್ಲಿ ನಿಂತ ಭಂಗಿಯನ್ನು ನೋಡಿದ್ದರೆ ನೀವೂ ನಾಲೆ ಏರಿಯ ಮೇಲಿಂದಲೇ ವಾಪಸ್ಸು ಹೋಗುತ್ತಿದ್ದಿರಿ! ತಲೆಗೆ ಬಿಗಿದು ಕಟ್ಟಿದ ಟವೆಲ್ಲು, ಮುಖಕ್ಕೆ ಒಂದರ ಮೇಲೊಂದು ಮಾಸ್ಕು, ಕೈಯಲ್ಲಿ ಗರಿ ಸವರಿದ ಆಳುದ್ದದ ಕಬ್ಬಿನ ಜಲ್ಲೆ. ಯಾರೇ ಬರಲಿ, ಜಲ್ಲೆಯ ತುದಿ ಮೊದಲು ಅವರ ಎದೆಗೆ ತಾಕಬೇಕು. ಅದರಾಚೆ ನಿಂತು ಮಾತಾಡಬೇಕು. ಜಲ್ಲೆ ಒಣಗಿದರೆ ಗದ್ದೆಯಿಂದ ಹೊಸದು ಬರುತ್ತಿತ್ತು.

"ಆರಡಿ ದೂರ ಅಂತ ಟೀವೀಲಿ ಬಡ್ಕತಾವ್ರೆ. ಅಡಿ ಅಳಿಯಕ್ಕೆ ನನ್ನತ್ರ ಟೇಪ್ ಎಲ್ಲದೆ? ಜಲ್ಲೆ ಅದೆ!"

ಅತ್ತೆ ಅಂದರೆ ನಮ್ಮ ಅಪ್ಪನ ಅಕ್ಕ. ನನಗೆ ಮಂಡ್ಯದ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಾಗ, ಮಳವಳ್ಳಿಯಿಂದ ದಿನಾ ಓಡಾಡುವುದು ಕಷ್ಟ, ಹಾಸ್ಟೆಲ್ಲಿನಲ್ಲಿರುತ್ತೇನೆ ಅಂದಿದ್ದೆ. ಅತ್ತೆ ಮಾರನೆಯ ದಿನವೇ ಬಂದು ನನ್ನ ಪೆಟ್ಟಿಗೆಯನ್ನು ಎತ್ತಿಕೊಂಡು ಹೊರಟರು. "ನಾನ್ ಬದ್ಕಿರೋವಾಗ ನನ್ ತಮ್ಮನ್ ಮಗ್ಳು ಆಸ್ಟೆಲ್ ಚಿತ್ರಾನ್ನ ತಿಂದ್ರೆ ಊರೋರು ನನ್ ಮಕಕ್ಕೆ ಉಗಿಯಕಿಲ್ವಾ?" ಪೆಟ್ಟಿಗೆಯ ಹಿಂದೆ ನಾನು ಹೋದೆ. ಕೆಲವೇ ತಿಂಗಳಲ್ಲಿ ಲಾಕ್‌ಡೌನ್ ಬಂತು, ಅಲ್ಲಿಯೇ ಉಳಿದೆ.

ಇಂಥ ಕಟ್ಟುನಿಟ್ಟಿನ ಹೆಂಗಸು ಮೊದಲು ಹೇಗಿದ್ದರು ಅಂತ ಹೇಳದಿದ್ದರೆ ನಿಮಗೆ ಅವರ ದೊಡ್ಡತನ ತಿಳಿಯುವುದಿಲ್ಲ. ಆ ಮನೆಯ ಬಾಗಿಲು ಹಗಲು ಹೊತ್ತು ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಕಬ್ಬು ಕಡಿಯುವವರು, ಮೀಟರು ನೋಡುವವನು, ದಾರಿಯಲ್ಲಿ ಹೋಗುವವರು, ಎಲ್ಲರೂ ಒಳಗೆ ಬಂದು ಉಂಡೇ ಹೋಗಬೇಕು. ಒಮ್ಮೆ ಯಾರೋ ಹೊಸಬರು ಬಂದರು. ಅತ್ತೆ ಮಾತಾಡಲು ಬಿಡದೆ ಮುದ್ದೆ ಉಣ್ಣಿಸಿದರು, ಚಾಪೆ ಹಾಸಿ ಮಲಗಿಸಿದರು, ಎದ್ದಮೇಲೆ ಕಾಫಿ ಕೊಟ್ಟರು. ಆಮೇಲೆ ಗೊತ್ತಾಯಿತು, ಪಾಪ ಆ ಮನುಷ್ಯ ಪಕ್ಕದೂರಿಗೆ ಹೆಣ್ಣು ನೋಡಲು ಹೊರಟಿದ್ದವರು, ದಾರಿ ಕೇಳಲು ಬಂದಿದ್ದರಂತೆ!

ಅಂಥ ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಊರು ಮೂಗಿನ ಮೇಲೆ ಬೆರಳಿಟ್ಟುಕೊಂಡಿತು.

ಬಾಗಿಲು ಮುಚ್ಚಿದರೇನು, ಬಾಯಿ ಮುಚ್ಚಬೇಕೆ? ನಾನು ಸಿಗ್ನಲ್ಲು ಸಿಗಲಿ ಅಂತ ತಾರಸಿಯ ಮೇಲೆ ಕೂತು ಮಕ್ಕಳಿಗೆ ಆನ್‌ಲೈನ್ ಪಾಠ ಮಾಡುತ್ತಿದ್ದೆ. ಅರ್ಧ ಪಾಠ "ಮ್ಯೂಟ್ ಮಾಡ್ಕೊಳ್ಳಿ, ಎಲ್ಲರೂ ಮ್ಯೂಟ್ ಮಾಡ್ಕೊಳ್ಳಿ" ಅನ್ನುವುದರಲ್ಲೇ ಮುಗಿಯುತ್ತಿತ್ತು. ಕೆಳಗೆ ರಾಗಿ ಒಣಹಾಕುತ್ತಿದ್ದ ಅತ್ತೆ ಆ ಮಂತ್ರವನ್ನು ಕಲಿತುಬಿಟ್ಟರು. ಒಂದು ದಿನ ಬೀದಿಯ ಹೆಂಗಸೊಬ್ಬರು ಜಗಲಿಯಾಚೆ ನಿಂತು, ಸಾರಾಯಿ ಕುಡಿದರೆ ಕೊರೊನಾ ಬರುವುದಿಲ್ಲ, ಸೂಜಿ ಹಾಕಿಸಿಕೊಂಡರೆ ಕೈ ಬಿದ್ದುಹೋಗುತ್ತದೆ ಅಂತ ಪುರಾಣ ಶುರುಮಾಡಿದರು. ಅತ್ತೆ ಜಲ್ಲೆ ಎತ್ತಿದರು.

"ಏಯ್, ಮ್ಯೂಟ್ ಮಾಡ್ಕಳೇ!"

"ಅಂಗಂದ್ರೇನಕ್ಕ?"

"ಬಾಯ್ಮುಚ್ಚು ಅಂತ ಕಣೆ. ನಮ್ ಕೂಸು ಇಸ್ಕೂಲ್ನಲ್ಲಿ ಏಳ್ಕೊಡ್ತಾಳೆ, ಬೇಕಾದ್ರೆ ಮ್ಯಾಕೋಗಿ ಕಲ್ತ್ಕ!"

ಮಾರನೆಯ ವಾರ ಅದೇ ಹೆಂಗಸನ್ನು ಲಸಿಕೆ ಹಾಕುವಲ್ಲಿಗೆ ಕರೆದುಕೊಂಡು ಹೋಗಿ, ತಾವು ಮೊದಲು ಸೂಜಿ ಚುಚ್ಚಿಸಿಕೊಂಡು, "ನೋಡು, ಬಿತ್ತಾ ಕೈ?" ಅಂತ ಅದೇ ತೋಳನ್ನು ಎತ್ತಿ ಗಾಳಿಯಲ್ಲಿ ತಿರುಗಿಸಿದರು. ಇಡೀ ಬೀದಿ ಸಾಲಾಗಿ ಹೋಗಿ ಚುಚ್ಚಿಸಿಕೊಂಡು ಬಂತು. ಸೂಜಿಗಿಂತ ಜಲ್ಲೆಯ ಹೆದರಿಕೆ ಹೆಚ್ಚಿತ್ತು ಅನ್ನುವುದು ಬೇರೆ ಮಾತು!

ಎರಡನೇ ಅಲೆ ಬಂದಾಗ ನಗುವ ಹಾಗಿರಲಿಲ್ಲ. ಹೊಳಲಿನಲ್ಲಿದ್ದ ಅತ್ತೆಯ ಓರಗಿತ್ತಿ ಒಂದು ಬೀಗರೂಟಕ್ಕೆ ಹೋಗಿ ಬಂದರು. ಹತ್ತಿರದವರೇ, ಮನೆಯೊಳಗೇ, ಹೆಚ್ಚು ಜನರಿಲ್ಲ ಅಂದುಕೊಂಡೇ ಹೋಗಿದ್ದು. ಹದಿನೈದು ದಿನದೊಳಗೆ ಇಲ್ಲವಾದರು. ಮುಖ ನೋಡಲೂ ಆಗಲಿಲ್ಲ. ಒಂದೇ ಮನೆಗೆ ಸೊಸೆಯರಾಗಿ ಬಂದು, ಒಂದೇ ಒಲೆಯ ಮುಂದೆ ಜಗಳವಾಡಿಕೊಂಡೇ ಬಾಳಿದ ಜೀವಗಳು ಅವು. ಅತ್ತೆ ಅಳಲಿಲ್ಲ. ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕಿದರು. ತಿಕ್ಕಿದ್ದನ್ನೇ ಮತ್ತೆ ತಿಕ್ಕಿದರು.

ಅದೇ ತಿಂಗಳು ಮಳವಳ್ಳಿಯಲ್ಲಿ ನಮ್ಮ ಅಪ್ಪನಿಗೂ ಬಂತು. ಆಸ್ಪತ್ರೆ, ಆಕ್ಸಿಜನ್ನು, ಎಲ್ಲ ಆಗಿ ಅಂತೂ ಮನೆಗೆ ಬಂದರು. ಅಮ್ಮ ಫೋನಿನಲ್ಲಿ ಹೇಳುತ್ತಿದ್ದರು: ನಾಲಗೆಗೆ ರುಚಿ ಹತ್ತುತ್ತಿಲ್ಲ, ಉಣ್ಣುತ್ತಿಲ್ಲ, ದಿನಾ ಸೊರಗುತ್ತಿದ್ದಾರೆ. ನಾನು ಹೊರಡುತ್ತೇನೆಂದರೆ ಅಪ್ಪನೇ ಬೇಡವೆಂದರು. ಅತ್ತೆ ಕೇಳಿಸಿಕೊಂಡು ಹಿತ್ತಲಿಗೆ ಎದ್ದು ಹೋಗುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ರೋಗ ಇಳಿಯಿತು, ಸರ್ಕಾರ ನಿರ್ಬಂಧ ಸಡಿಲಿಸಿತು. ಸರಿಯಾಗಿ ಅದೇ ಸಮಯಕ್ಕೆ ಬಂದದ್ದು ಹಿರಿಯರ ಹಬ್ಬ, ನಮ್ಮ ಕಡೆಯ ಮಾರ್ಲಾಮಿ. ಸತ್ತ ಹಿರಿಯರಿಗೆ ಅವರಿಗಿಷ್ಟವಾದದ್ದೆಲ್ಲ ಮಾಡಿ ಎಡೆ ಇಟ್ಟು, ಆಮೇಲೆ ಇದ್ದವರೆಲ್ಲ ಸೇರಿ ಬಾಡೂಟ ಉಣ್ಣುವ ಹಬ್ಬ. ಅಜ್ಜ ಅಜ್ಜಿ ಹೋದಮೇಲೆ ನಮ್ಮ ಕಡೆಯವರಿಗೂ ಅತ್ತೆಯ ಮನೆಯೇ ಹಬ್ಬದ ಮನೆ. ಹಿಂದಿನ ವರ್ಷ ಯಾರೂ ಸೇರಿರಲಿಲ್ಲ. ಈ ಸಲ ಬಿಡಬಾರದು ಅಂತ ಮದ್ದೂರಿನ ಚಿಕ್ಕಪ್ಪ, ಅಂದರೆ ಅತ್ತೆಯ ಕಿರಿಯ ತಮ್ಮ, ಎಲ್ಲರನ್ನೂ ವಿಡಿಯೋ ಕಾಲಿಗೆ ಸೇರಿಸಿದರು. ಚಿಕ್ಕಪ್ಪನಿಗೆ ಕರೆಂಟ್ ಆಫೀಸಿನಲ್ಲಿ ಕೆಲಸ. ಆದೇಶ, ಸುತ್ತೋಲೆ ಅಂದರೆ ಭಕ್ತಿ.

"ಅಕ್ಕ, ಈಗ ಎಲ್ಲಾ ಸಡಿಲ ಆಗದೆ. ಸೇರ್ಬೋದು ಅಂತ ಸರ್ಕಾರಾನೇ ಬುಟ್ಟದೆ ಕಣಕ್ಕ."

"ಸರ್ಕಾರ ಬ್ರಾಂದಿ ಅಂಗ್ಡೀನೂ ಬುಟ್ಟದೆ. ಅಂಗಂತ ನಾನೋಗಿ ಕುಡ್ಕಬರ್ಲಾ?"

ಫೋನಿನ ಮೂಲೆಯಲ್ಲಿ ಅಪ್ಪನ ಮುಖ ಕಾಣುತ್ತಿತ್ತು. ಅವರು ಮೆಲ್ಲಗೆ ಹೇಳಿದರು, "ಅಕ್ಕ, ನಾನಂತೂ ಬತ್ತೀನಿ. ಸಾಯೋಕ್ಮುಂಚೆ ಒಂದ್ಸಲ ಎಲ್ರೂ ಒಟ್ಗೆ ಕೂತು ಉಣ್ಬೇಕು ಅನ್ಸದೆ."

"ಬಂದ್ರೆ ಬಾಗ್ಲಾಕ್ಕತೀನಿ!" ಅಂತ ಅತ್ತೆ ಗುಡುಗಿದರು. "ಸತ್ತೋರಿಗೆ ಎಡೆ ಇಕ್ಕಕ್ಕೋಗಿ, ಇರೋರ್ನೂ ಎಡೆ ಇಸ್ಕಳೋರ್ ಸಾಲಿಗೆ ಸೇರಿಸ್ಬೇಕಾ? ಬೆಳ್ಳೂರ್ ಕೊಕ್ಕರೆ ನೋಡೀರಾ? ಒಂದೇ ಮರದಲ್ಲಿ ಅಷ್ಟೊಂದಿದ್ರೂ ಒಂದ್ರ ಗೂಡಿಗೆ ಇನ್ನೊಂದು ಕಾಲಿಕ್ಕಕಿಲ್ಲ. ಓದಿರೋ ನಿಮ್ಗೆ ಅಷ್ಟೂ ಆಗಕಿಲ್ವಾ?"

ಅಪ್ಪ ಫೋನು ಇಟ್ಟರು. ಚಿಕ್ಕಪ್ಪ ಸಿಟ್ಟಿನಿಂದ, "ಅಕ್ಕಂಗೆ ತಲೆ ಕೆಟ್ಟದೆ" ಅಂದು ತಾವೂ ಇಟ್ಟರು. ನನಗೂ ಅಂದು ಅತ್ತೆಯ ಮೇಲೆ ಕೋಪ ಬಂತು. ಅಪ್ಪನನ್ನು ನೋಡಿ ನನಗೂ ಎಷ್ಟೋ ತಿಂಗಳಾಗಿತ್ತು.

ಅತ್ತೆ ಮಾತ್ರ ಜಗಲಿಯ ಮೇಲೆ ಕೂತು ಏನೋ ಲೆಕ್ಕ ಹಾಕುತ್ತಿದ್ದರು. ಆಮೇಲೆ ತಮ್ಮ ಮಗನನ್ನು ಕೂಗಿದರು. ನನ್ನ ಆ ಬಾವ ಮದ್ದೂರಿನ ಮಾರುಕಟ್ಟೆಗೆ ಎಳನೀರು ಸಾಗಿಸುವ ಲಗೇಜ್ ಆಟೋ ಇಟ್ಟಿದ್ದರು.

"ಆಟೋ ತೊಳಿಲಾ. ಅಬ್ಬಕ್ಕೆ ಬೇಕು."

"ಯಾಕವ್ವಾ?"

"ಅವ್ರು ಬರ್ಬಾರ್ದು ಅಂದೆ. ಊಟ ಓಗ್ಬಾರ್ದು ಅಂದ್ನಾ?"

ಹಬ್ಬದ ದಿನ ಬೆಳಕು ಹರಿಯುವ ಮೊದಲೇ ಒಲೆ ಉರಿಯಿತು. ಬಾಡಿನ ಸಾರು, ಮುದ್ದೆ, ಕಜ್ಜಾಯ, ವಡೆ, ಪಾಯಸ. ಎಡೆ ಇಡುವಾಗ ಓರಗಿತ್ತಿಯ ಹೆಸರಿನಲ್ಲಿ ಒಂದು ಹೊಸ ಸೀರೆ, ಒಂದು ಹೊಸ ಎಲೆ. ಆ ಎಲೆಗೆ ಕಜ್ಜಾಯ ಸ್ವಲ್ಪ ಜಾಸ್ತಿಯೇ ಬಿತ್ತು. ಅತ್ತೆ ಕೈ ಮುಗಿದು ಹಿರಿಯರಿಗೆ ಹೇಳಿದರು: "ನೀವ್ ಬೇಕಾದ್ರೆ ಗುಂಪಾಗೇ ಬನ್ರಪ್ಪ. ನಿಮ್ಗೆ ಇನ್ನೇನಾಗ್ಬೇಕು!"

ಆಮೇಲೆ ಹೊರಟಿತು ನೋಡಿ ನಮ್ಮ ಮೆರವಣಿಗೆ! ಎಳನೀರು ಹೊರುವ ಆಟೋದಲ್ಲಿ ಪಾತ್ರೆಗಳು, ಪಾತ್ರೆಗಳ ನಡುವೆ ನಾನು. ಮುಂದೆ ಬಾವ, ಪಕ್ಕದಲ್ಲಿ ಅತ್ತೆ, ಅವರ ಕೈಯಲ್ಲಿ ಕಿಟಕಿಯಿಂದ ಹೊರಗೆ ಚಾಚಿಕೊಂಡ ಜಲ್ಲೆ. ಸಾರಿನ ವಾಸನೆಗೆ ದಾರಿಯುದ್ದಕ್ಕೂ ಬೈಕಿನವರು ಹಿಂದಿಕ್ಕದೆ ಹಿಂದೆಯೇ ಬರುತ್ತಿದ್ದರು. ಒಬ್ಬ ಬೈಕನ್ನು ಪಕ್ಕಕ್ಕೆ ತಂದು, "ಅಮ್ಮೋ, ಯಾವೂರಲ್ಲಿ ಊಟ?" ಅಂತ ಕೂಗಿ ಕೇಳಿಯೂ ಬಿಟ್ಟ.

ಮದ್ದೂರಿನಲ್ಲಿ ಚಿಕ್ಕಪ್ಪನ ಮನೆ ಮುಂದೆ ಆಟೋ ನಿಂತಿತು. ಚಿಕ್ಕಪ್ಪ ಲುಂಗಿಯಲ್ಲಿ ಹೊರಬಂದು ಕಣ್ಣುಜ್ಜಿಕೊಂಡರು. ಮುನಿಸು ಇನ್ನೂ ಇತ್ತು. ಅತ್ತೆ ಗೇಟಿನಾಚೆಯೇ ನಿಂತು ಮನೆಯವರನ್ನೆಲ್ಲ ಅಂಗಳದಲ್ಲಿ ಜಲ್ಲೆ ಅಳತೆಯಲ್ಲಿ ಕೂರಿಸಿದರು. ತಟ್ಟೆ ಹಿಡಿದು ಒಬ್ಬೊಬ್ಬರೇ ಗೇಟಿನ ಬಳಿ ಬಂದರೆ ಸೌಟನ್ನು ಉದ್ದಕ್ಕೆ ಚಾಚಿ ಬಡಿಸಿದರು. ಎರಡನೇ ಸಲ ಸಾರು ಬಿದ್ದಮೇಲೆ ಚಿಕ್ಕಪ್ಪನ ಮುನಿಸು ಕರಗಿತು.

"ಅಕ್ಕ, ಯಾವ ಆಫೀಸ್ನೋರೂ ಇಂಥಾ ಆರ್ಡರ್ ಮಾಡಿಲ್ಲ ಬುಡು!"

"ಆರ್ಡರ್ ಕಾಯ್ತಾ ಕೂತಿದ್ರೆ ನಿಂಗೆ ಬಾಡು ಯಾರ್ಲಾ ಇಕ್ತಿದ್ರು?" ಅಂದರು ಅತ್ತೆ. ಹೊರಡುವಾಗ ನೋಡಿದರೆ ಗೋಡೆಗೊರಗಿಸಿದ್ದ ಜಲ್ಲೆಯಿಲ್ಲ. ಚಿಕ್ಕಪ್ಪನ ಮೊಮ್ಮಕ್ಕಳು ಅದನ್ನು ತುಂಡು ಮಾಡಿಕೊಂಡು ಆಗಲೇ ಅರ್ಧ ಜಗಿದಿದ್ದರು. ವರ್ಷಗಟ್ಟಲೆ ಒಂದು ಬೀದಿಯನ್ನೇ ಆಳಿದ ರಾಜದಂಡ ಹಾಗೆ ಸಿಪ್ಪೆಯಾಯಿತು!

ಮಳವಳ್ಳಿಯ ದಾರಿಯಲ್ಲಿ ಅತ್ತೆ ಮಾತು ಕಡಿಮೆ ಮಾಡಿದರು. ಅಲ್ಲಿಯವರೆಗೆ ಗುಂಡಿಗೊಂದು ಬೈಗುಳ ಬೈಯುತ್ತಿದ್ದವರು ಈಗ ಬಾವ ಎಷ್ಟು ದೊಡ್ಡ ಗುಂಡಿ ಹಾರಿಸಿದರೂ ಸುಮ್ಮನಿದ್ದರು.

ನಮ್ಮ ಮನೆಯ ಗೇಟಿಗೆ ಕೈಯೂರಿ ಅಪ್ಪ ನಿಂತಿದ್ದರು. ವಿಡಿಯೋದಲ್ಲಿ ಮುಖವಷ್ಟೇ ಕಂಡಿತ್ತು. ಈಗ ಪೂರ್ತಿ ನೋಡಿದೆ. ಅಂಗಿಯೊಳಗೆ ಅಪ್ಪ ಎಲ್ಲಿದ್ದಾರೆ ಅಂತ ಹುಡುಕಬೇಕಿತ್ತು. ಅತ್ತೆ ಆಟೋದಿಂದ ಇಳಿದು ರಸ್ತೆಯಲ್ಲೇ ನಿಂತರು.

"ಏನ್ಲಾ ಇದು, ಗದ್ದೆಬೊಂಬೆಗೆ ಅಂಗಿ ಆಕ್ದಂಗಿದ್ದೀಯ?"

"ಬರ್ಬ್ಯಾಡ ಅಂದೋಳು ನೀನೇ ಬಂದ್ಯಲ್ಲಕ್ಕ," ಅಂದು ಅಪ್ಪ ನಕ್ಕರು. ನಗುವಷ್ಟರಲ್ಲಿ ಕೆಮ್ಮು ಬಂತು.

ಅಂಗಳದಲ್ಲಿ ಎಲೆ ಹಾಕಿ ಅಪ್ಪನಿಗೆ ಬಡಿಸಿದ್ದಾಯಿತು. ಅಪ್ಪ ಒಂದು ತುತ್ತು ಮುರಿದು ಬಾಯಿಗಿಟ್ಟರು. ಇನ್ನೊಂದು ಮುರಿದು ಸಾರಿನಲ್ಲಿ ಸುಮ್ಮನೆ ಆಡಿಸಿದರು. ಎಲೆಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದರು. ಅಮ್ಮ ನನ್ನ ಕಡೆ ನೋಡಿದರು. ದಿನವೂ ಹೀಗೇ ಅನ್ನುವುದು ಆ ನೋಟದಲ್ಲಿತ್ತು.

ಅತ್ತೆ ಗೇಟಿನಾಚೆಯಿಂದ ನೋಡುತ್ತಲೇ ಇದ್ದರು. ಆಮೇಲೆ ಬಾವನಿಂದ ನೀರು ಹೊಯ್ಯಿಸಿಕೊಂಡು ಮೊಣಕೈವರೆಗೆ ಸೋಪು ಹಾಕಿ ತೊಳೆದರು. ಮೂಗಿನ ಮೇಲೆ ಮಾಸ್ಕು ಬಿಗಿ ಮಾಡಿಕೊಂಡರು. ಗೇಟು ತೆಗೆದರು.

"ಎಲ್ರೂ ಆಕಡೀಕೆ ತಿರಿಕ್ಕಳಿ."

"ಯಾಕತ್ತೆ?" ಅಂದೆ.

"ಯಾಕೆ ಅಂದ್ರೆ? ತಿರಿಕ್ಕಳಿ ಅಂದ್ರೆ ತಿರಿಕ್ಕಳದು!"

ತಿರುಗಿದೆವು. ಅಮ್ಮ ಗೋಡೆಯ ಕಡೆ, ಬಾವ ರಸ್ತೆಯ ಕಡೆ. ನಾನು ತಿರುಗಿದ ಕಡೆಯಲ್ಲಿ ಆಟೋದ ಕನ್ನಡಿ ಇತ್ತು, ಅದು ನನ್ನ ತಪ್ಪಲ್ಲ!

ಕನ್ನಡಿಯಲ್ಲಿ ಅತ್ತೆ ಅಪ್ಪನ ಎಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ತೋಳನ್ನು ಆದಷ್ಟೂ ಉದ್ದ ಮಾಡಿ, ಮುಖವನ್ನು ಒಂದು ಕಡೆಗೆ ತಿರುಗಿಸಿಕೊಂಡು, ಅಪ್ಪನ ಬಾಯಿಗಿಟ್ಟರು.

"ಅಗೀಬ್ಯಾಡ್ವೋ. ನುಂಗು. ರುಚಿ ಕಟ್ಕಂಡು ಏನಾಗ್ಬೇಕು, ನುಂಗು ಮಗ."

ಹೈಸ್ಕೂಲು ಹೆಡ್‌ಮಾಸ್ಟರಾಗಿ ನಿವೃತ್ತರಾದ, ಇಡೀ ಮಳವಳ್ಳಿ ಎದ್ದು ನಿಂತು ನಮಸ್ಕಾರ ಮಾಡುವ ನಮ್ಮ ಅಪ್ಪ ಬಾಯಿ ತೆರೆದು ನುಂಗಿದರು. ಇನ್ನೊಂದು ತುತ್ತು. ಮತ್ತೊಂದು. ಅಪ್ಪನ ಕಣ್ಣಿನಿಂದ ಇಳಿಯುತ್ತಿದ್ದುದು ಸಾರಿನ ಖಾರಕ್ಕೇ ಇರಬೇಕು. ಅತ್ತೆಯ ಮಾಸ್ಕು ಯಾಕೆ ಒದ್ದೆಯಾಗಿತ್ತೋ ಗೊತ್ತಿಲ್ಲ, ಅವರು ಆ ಸಾರು ತಿಂದಿರಲಿಲ್ಲ.

ವಾಪಸ್ಸು ಹೊರಟಾಗ ಅತ್ತೆ ಹಿಂದೆ ತಿರುಗಿ ನನ್ನನ್ನು ದುರುಗುಟ್ಟಿ ನೋಡಿ ಕೇಳಿದರು, "ಏನಾರ ನೋಡುದ್ಯೇನವ್ವ?"

"ಇಲ್ಲತ್ತೆ."

"ಅದೇ ಮತ್ತೆ."

ಊರು ದಾಟುವ ಮೊದಲೇ ಅತ್ತೆಯ ಫೋನು ಬಡಿದುಕೊಂಡಿತು. ಮದ್ದೂರಿನ ಚಿಕ್ಕಪ್ಪ. ಅಣ್ಣ ಊಟ ಮಾಡಿದನೇ ಅಂತ ಕೇಳಿರಬೇಕು. ಅತ್ತೆ ಗಾಡಿ ನಿಲ್ಲಿಸು ಅಂತ ಬಾವನ ತೋಳಿಗೆ ಒಂದು ಕೊಟ್ಟರು. ಇಳಿದು, ಮಾಸ್ಕನ್ನು ಗದ್ದಕ್ಕೆ ಎಳೆದು, ರಸ್ತೆಯ ಎರಡೂ ಬದಿಯ ಅಂಗಡಿಯವರು ತಿರುಗಿ ನೋಡುವ ಹಾಗೆ ಕೂಗಿದರು:

"ಉಂಡ ಕಣ್ಲಾ! ನನ್ ತಮ್ಮ ಒಂದಿಡೀ ಮುದ್ದೆ ಉಂಡ!"