ಗಿರಣಿಯ ಕಂದಾಯದ ಕಾಗದ

ಆಗ ನನಗೆ ಅರವತ್ತೊಂಬತ್ತು ವರ್ಷ. ಮೂರು ವರ್ಷದ ಹಿಂದಿನ ಮಾತು. ಹೊಸನಗರದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ, ಬಸ್ಸು ನಿಲ್ಲುವಲ್ಲೇ ನನ್ನ ಹಿಟ್ಟಿನ ಗಿರಣಿ. ಪಂಚಾಯ್ತಿಯಿಂದ ಒಂದು ಕಾಗದ ತರುವುದು ಏನು ಮಹಾ, ಬೆಳಿಗ್ಗೆ ಹೋಗಿ ಹತ್ತೂವರೆ ಬಸ್ಸಿಗೆ ವಾಪಸ್ ಬಂದರಾಯಿತು ಅಂದುಕೊಂಡಿದ್ದೆ.

ಗಿರಣಿಯ ಮೀಟರು ಸುಟ್ಟುಹೋಗಿತ್ತು. ಅದಿದ್ದದ್ದು ಸತ್ತ ಗಂಡನ ಹೆಸರಲ್ಲಿ. ಹೊಸದನ್ನು ನಿಮ್ಮ ಹೆಸರಿಗೇ ಹಾಕ್ತೀವಿ, ಕಟ್ಟಡಕ್ಕೆ ಹತ್ತು ವರ್ಷ ಕಂದಾಯ ಕಟ್ಟಿದ ದಾಖಲೆ ತನ್ನಿ ಅಂದರು ಕರೆಂಟಿನವರು. ಅಲ್ಲಿವರೆಗೆ ಗಿರಣಿ ಬಂದ್. ಎದುರಿಗೆ ಸರೋಜ ಆಗಷ್ಟೇ ಹೊಸ ಗಿರಣಿ ಹಾಕಿದ್ದಳು. ನನ್ನ ಗಿರಾಕಿಗಳು ನನ್ನ ಬಾಗಿಲು ನೋಡಿ, ಡಬ್ಬ ಹೊತ್ತು ರಸ್ತೆ ದಾಟುತ್ತಿದ್ದರು. ಇನ್ನೆರಡು ತಿಂಗಳು ಹೀಗೇ ಹೋದರೆ ನನ್ನ ಗಿರಣಿಯ ಕಥೆ ಮುಗಿದಂತೆ.

ಕಂದಾಯ ನಾನು ಒಂದು ವರ್ಷವೂ ತಪ್ಪಿಸಿದವಳಲ್ಲ. ರಶೀದಿಗಳನ್ನು ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದೆ. ಹಿಟ್ಟಿಗೆ ಬಂದ ಇಲಿ ಮೊದಲು ರಶೀದಿಯನ್ನೇ ತಿಂದಿತ್ತು.

ಪಂಚಾಯ್ತಿಯಲ್ಲಿ ಹಾಗೆಲ್ಲ ಕೊಡಲು ಬರುವುದಿಲ್ಲ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಅಂದರು. ನಾನು ಕಟ್ಟಿದ್ದು ನನಗೆ ಗೊತ್ತಾಗಲು ಬೇರೆ ಹಕ್ಕು ಬೇಕಂತೆ! ಬೈದುಕೊಂಡೇ ಅರ್ಜಿ ಬರೆದೆ. ಓದಿದ್ದು ಮೂರನೇ ಕ್ಲಾಸು. ಅಕ್ಷರ ಒಂದೊಂದೂ ಕಡುಬಿನಷ್ಟು ದಪ್ಪ.

ಅಲ್ಲಿನ ಅಧಿಕಾರಿ ಸಣ್ಣ ಪ್ರಾಯದವನು. ಅರ್ಜಿ ನೋಡಿದ, ಆಧಾರ್ ನೋಡಿದ, ಕಂದಾಯದ ಪುಸ್ತಕ ನೋಡಿದ.

"ಅಮ್ಮ, ಅರ್ಜಿಯಲ್ಲೂ ಆಧಾರಲ್ಲೂ ಭಾಗೀರಥಿ ಅಂತ ಇದೆ. ಪುಸ್ತಕದಲ್ಲಿ ಪದ್ಮಾವತಿ."

"ಎರಡೂ ನಾನೇ ಮಾರಾಯ."

ವಿವರಿಸಿ ಹೇಳಿದೆ. ಹುಟ್ಟಿದಾಗ ನಾನು ಭಾಗೀರಥಿ. ನನ್ನ ಅತ್ತೆಯ ಹೆಸರೂ ಅದೇ. ಗಂಡನಾದವನು ತಾಯಿಯ ಹೆಸರು ಹಿಡಿದು ಹೆಂಡತಿಯನ್ನು ಹೇಗೆ ಕೂಗುವುದು? ಮದುವೆಯ ದಿನವೇ ತಟ್ಟೆಯ ಅಕ್ಕಿಯ ಮೇಲೆ ಉಂಗುರದಲ್ಲಿ ಪದ್ಮಾವತಿ ಅಂತ ಬರೆಸಿದರು. ಊರಿಗೆಲ್ಲ ಪದ್ದಕ್ಕ ಆದೆ. ಗಿರಣಿ ಪದ್ಮಾವತಿಯ ಹೆಸರಿಗೆ ಆಯಿತು. ಆಧಾರ್ ಮಾಡಿಸುವಾಗ ಕೈಯಲ್ಲಿದ್ದದ್ದು ಶಾಲೆಯ ಕಾಗದ ಒಂದೇ, ಅಲ್ಲಿ ಮತ್ತೆ ಭಾಗೀರಥಿ ಆದೆ.

ಹೆಸರು ಬದಲಾಯಿಸಿದ್ದಕ್ಕೆ ದಾಖಲೆ ಇದೆಯಾ ಅಂದ. ಅಕ್ಕಿಯ ಮೇಲೆ ಬರೆದದ್ದು ಅವತ್ತೇ ಮಧ್ಯಾಹ್ನ ಅನ್ನ ಆಯಿತು. ಉಂಡವರೂ ಯಾರೂ ಉಳಿದಿಲ್ಲ. ಎಲ್ಲಿಂದ ತರಲಿ? ನೋಡುವಾ ಅಮ್ಮ ಅಂತ ಅರ್ಜಿ ಇಟ್ಟುಕೊಂಡ.

ಒಂದು ವಾರಕ್ಕೆ ಪೋಸ್ಟಿನಲ್ಲಿ ಪದ್ಮಾವತಿಯ ಹೆಸರಿಗೆ ಕಾಗದ ಬಂತು. ಕೂಡಿಸಿ ಕೂಡಿಸಿ ಓದಿದೆ. "ಅರ್ಜಿದಾರರೊಬ್ಬರು ತಮ್ಮ ಕಟ್ಟಡದ ಹತ್ತು ವರ್ಷಗಳ ಕಂದಾಯದ ವಿವರ ಕೋರಿರುತ್ತಾರೆ. ತಮ್ಮ ಆಕ್ಷೇಪಣೆ ಇದ್ದಲ್ಲಿ ಹತ್ತು ದಿನಗಳೊಳಗೆ ತಿಳಿಸತಕ್ಕದ್ದು."

ನನಗೆ ಮೈಯೆಲ್ಲ ಉರಿಯಿತು. ನನ್ನ ಗಿರಣಿಯ ಕಂದಾಯ ಇನ್ಯಾರಿಗೆ ಬೇಕು? ಸೀದಾ ರಸ್ತೆ ದಾಟಿದೆ. ಸರೋಜನ ಗಿರಾಕಿಗಳ ಎದುರೇ, ನನ್ನ ಅನ್ನ ಕಿತ್ತುಕೊಂಡಿದ್ದು ಸಾಲದೆ ಕಾಗದಕ್ಕೂ ಕೈ ಹಾಕಿದೆಯಾ ಅಂತ ಕೇಳಬೇಕಾದ್ದನ್ನೂ ಕೇಳಬಾರದ್ದನ್ನೂ ಕೇಳಿದೆ.

ಅವಳು ಮೋಟಾರು ನಿಲ್ಲಿಸಿ, ಮುಖದ ಹಿಟ್ಟು ಒರೆಸಿಕೊಂಡಳು. "ನಿಮ್ಮ ಕಂದಾಯ ತಗೊಂಡು ನಾನು ಉಪ್ಪಿನಕಾಯಿ ಹಾಕ್ಲಾ ಪದ್ದಕ್ಕ?"

ಕಳ್ಳಿ, ಒಪ್ಪಿಕೊಳ್ತಾಳಾ ಅಂದುಕೊಂಡು ಮನೆಗೆ ಬಂದವಳೇ ಉತ್ತರ ಬರೆದೆ. "ಯಾರಿಗೂ ಒಂದು ಚೂರೂ ಕೊಡಕೂಡದು. ಕೇಳಿದವಳು ದೊಡ್ಡ ಕಳ್ಳಿ. ಅವಳ ಹಲ್ಲು ಉದುರಿಹೋಗಲಿ." ಬಸ್ಸಲ್ಲಿ ಪಂಚಾಯ್ತಿಗೆ ಹೋಗಿ ಕೈಯಾರೆ ಕೊಟ್ಟು, ಸೀಲು ಹಾಕಿಸಿಕೊಂಡು ಬಂದೆ. ಆ ರಾತ್ರಿ ನಿದ್ದೆ ಚೆನ್ನಾಗಿ ಬಂತು.

ತಿಂಗಳಾಗುವಾಗ ಇನ್ನೊಂದು ಕಾಗದ ಬಂತು. ಇದು ಭಾಗೀರಥಿಗೆ. "ಸದರಿ ಕಟ್ಟಡದ ಮಾಲೀಕರು ತೀವ್ರ ಆಕ್ಷೇಪಣೆ ಸಲ್ಲಿಸಿರುವುದರಿಂದ ತಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ."

ಮಾಲೀಕಳು ನಾನು, ನನ್ನ ಬದಲು ತಕರಾರು ಮಾಡಿದವಳು ಯಾರು ಅಂತ ಮರುದಿನ ಪಂಚಾಯ್ತಿಯಲ್ಲಿ ಮೇಜು ಕುಟ್ಟಿದೆ. ಅಧಿಕಾರಿ ಫೈಲು ತೆಗೆದು ನನ್ನ ಕಡೆ ತಿರುಗಿಸಿದ. ಕಡುಬಿನಷ್ಟು ದಪ್ಪ ಅಕ್ಷರ. ದೊಡ್ಡ ಕಳ್ಳಿ. ಹಲ್ಲು ಉದುರಿಹೋಗಲಿ.

ಕೇಳಿದವಳ ಬಾಯಲ್ಲಿ ಉಳಿದದ್ದೇ ನಾಲ್ಕು ಹಲ್ಲು.

"ಇದು ನಾನೇ ಬರೆದದ್ದು," ಅಂದೆ, ಮೆಲ್ಲಗೆ.

"ಗೊತ್ತು ಅಮ್ಮ. ಆದರೆ ಇಬ್ಬರೂ ಒಬ್ಬರೇ ಅನ್ನೋಕೆ ನನ್ನ ಹತ್ರ ಕಾಗದ ಇಲ್ಲ. ಪದ್ಮಾವತಿಯವರು ತಕರಾರು ವಾಪಸ್ ತಗೊಂಡ್ರೆ, ಭಾಗೀರಥಿಯವರು ಹೊಸ ಅರ್ಜಿ ಹಾಕಬಹುದು."

ಅವನು ನಗಲಿಲ್ಲ. ನಕ್ಕಿದ್ದರೆ ಬೈದಾದರೂ ಬರುತ್ತಿದ್ದೆ. ಸರ್ಕಾರಕ್ಕೆ ನನ್ನ ಹತ್ತು ವರ್ಷದ ದುಡ್ಡು ತೆಗೆದುಕೊಳ್ಳುವಾಗ ನಾನು ಯಾರು ಅಂತ ಒಮ್ಮೆಯೂ ಅನುಮಾನ ಬಂದಿರಲಿಲ್ಲ!

ಮಾರನೇ ದಿನ ಬೆಳಿಗ್ಗೆ ಬೀಗ ತೆಗೆಯುವ ಮೊದಲೇ ಹೋಗಿ ಪಂಚಾಯ್ತಿ ಮೆಟ್ಟಿಲ ಮೇಲೆ ಕೂತು ಎರಡು ಕಾಗದ ಬರೆದೆ. ಮೊದಲನೆಯದು ಪದ್ಮಾವತಿಯದ್ದು: "ಭಾಗೀರಥಿ ಕೇಳಿದ್ದು ಕೊಡಿ. ನಾನು ಅವಳನ್ನು ಚಿಕ್ಕಂದಿನಿಂದ ಬಲ್ಲೆ. ಕಳ್ಳಿಯಲ್ಲ, ಬುದ್ಧಿ ಸ್ವಲ್ಪ ಕಮ್ಮಿ." ಎರಡನೆಯದು ಭಾಗೀರಥಿಯ ಹೊಸ ಅರ್ಜಿ. ಇಬ್ಬರೂ ಬೇರೆಬೇರೆ ಕಾಣಲಿ ಅಂತ ಪದ್ಮಾವತಿಗೆ ಸಹಿ ಹಾಕಿದೆ, ಭಾಗೀರಥಿಗೆ ಹೆಬ್ಬೆಟ್ಟು ಒತ್ತಿದೆ.