ಪದಾಧಿಕಾರಿಗಳ ಜೀವನಚರಿತ್ರೆಯೂ ನನ್ನ ಎರಡು ಪುಟಗಳೂ

ಮೂವತ್ತೆರಡು ವರ್ಷ ನೀರಿನ ಪೈಪುಗಳ ಬಗ್ಗೆ ರಿಪೋರ್ಟ್ ಬರೆದವನಿಗೆ ಮನುಷ್ಯರ ಬಗ್ಗೆ ಬರೆಯುವುದು ಯಾವ ಮಹಾ ಕೆಲಸ? ಹೀಗಂದುಕೊಂಡೇ ನಾನು ಒಪ್ಪಿಕೊಂಡದ್ದು. ಪೈಪು ತನ್ನ ರಿಪೋರ್ಟನ್ನು ತಾನೇ ಓದುವುದಿಲ್ಲ ಎಂಬ ಸಣ್ಣ ವ್ಯತ್ಯಾಸ ಆಗ ನನಗೆ ಹೊಳೆಯಲಿಲ್ಲ.

ಸಿಡ್ನಿಯ ನಮ್ಮ ಕೆಲ್ಲಿವಿಲ್ ಕನ್ನಡ ಯೂನಿಯನ್ನಿಗೆ ಇಪ್ಪತ್ತೈದು ವರ್ಷ ತುಂಬಿತ್ತು. ಸಂಘ, ಕೂಟ, ಬಳಗ ಎಂದೆಲ್ಲ ಒಳ್ಳೊಳ್ಳೆಯ ಹೆಸರುಗಳಿರುವಾಗ ಇದೇಕೆ ಯೂನಿಯನ್ ಎಂದು ಹೊಸಬರು ಕೇಳುತ್ತಾರೆ. ಮೊದಲ ಅಧ್ಯಕ್ಷರು ಬೆಂಗಳೂರಿನ ಬ್ಯಾಂಕ್ ನೌಕರರ ಯೂನಿಯನ್ನಿನಲ್ಲಿ ಪಳಗಿದವರು. ಬೇರೆ ಹೆಸರಿಟ್ಟರೆ ಘೋಷಣೆ ಕೂಗುವುದಕ್ಕೆ ಬರುವುದಿಲ್ಲ ಎಂದರಂತೆ. ಊರು ಬಿಟ್ಟು ಹೋದ ಆಜೀವ ಸದಸ್ಯರೂ ಸೇರಿ ಪಟ್ಟಿಯಲ್ಲಿ ನಲವತ್ತು ಮನೆಗಳಿವೆ. ಮಾಜಿ ಮತ್ತು ಹಾಲಿ ಪದಾಧಿಕಾರಿಗಳು ಮನೆಗೊಬ್ಬರಂತೆ ಮೂವತ್ತೆಂಟು ಜನ. ಉಳಿದ ಎರಡು ಮನೆಗಳಲ್ಲಿ ಒಂದು ಹೋದ ತಿಂಗಳಷ್ಟೇ ಈ ಸಬರ್ಬಿಗೆ ಬಂದವರದು. ಇನ್ನೊಂದು ನಮ್ಮದು.

ಹಾಲಿ ಅಧ್ಯಕ್ಷ ಪ್ರಭಾಕರ್ ದಂತವೈದ್ಯರು. ನನ್ನ ದವಡೆ ಹಲ್ಲಿಗೆ ಹತ್ತಿ ತುರುಕಿ, ಬಾಯಿ ಮುಚ್ಚಲಾಗದ ಸ್ಥಿತಿಯಲ್ಲಿಟ್ಟು, ಬೆಳ್ಳಿಹಬ್ಬಕ್ಕೆ ಒಂದು ಪುಸ್ತಕ ತರಬೇಕೆಂದು ವಿವರಿಸಿದರು. ಎಲ್ಲ ಪದಾಧಿಕಾರಿಗಳ ಜೀವನ ಮತ್ತು ಸಾಧನೆ, ತಲಾ ಒಂದು ಪುಟ. ನಾನು ಯಾವ ಪದವಿಯನ್ನೂ ಹಿಡಿಯದವನಾದ್ದರಿಂದ ನಿಷ್ಪಕ್ಷಪಾತಿ, ನಾನೇ ಸಂಪಾದಕನಾಗಬೇಕಂತೆ. ನಾನು "ಆಂ" ಎಂದೆ. ಅದನ್ನು ಅವರು ಒಪ್ಪಿಗೆ ಎಂದು ಬರೆದುಕೊಂಡರು. ನಿಜ ಹೇಳಬೇಕೆಂದರೆ ಅದು ಒಪ್ಪಿಗೆಯೇ ಆಗಿತ್ತು. ಇಷ್ಟು ವರ್ಷ ಕುರ್ಚಿ ಜೋಡಿಸಿದವನನ್ನು ಕೊನೆಗೂ ಯಾರೋ ಕರೆದರಲ್ಲ ಎಂದು ಮನಸ್ಸು ಉಬ್ಬಿಹೋಗಿತ್ತು.

ಮನೆಗೆ ಬಂದು ಹೇಳಿದರೆ ಹೆಂಡತಿ ವಸುಧಾ, "ಬೇಡ ರೀ, ಅವರ ಬಗ್ಗೆ ಒಳ್ಳೇದು ಬರೆದರೂ ಜಗಳ, ಬರೀದಿದ್ರೂ ಜಗಳ" ಎಂದಳು. ನಾನು ನಕ್ಕೆ. ಹೆಂಗಸರಿಗೆ ಆಡಳಿತದ ಅನುಭವ ಕಡಿಮೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅವಳು ಎರಡು ಅವಧಿ ಉಪಾಧ್ಯಕ್ಷೆಯಾಗಿದ್ದಳು ಎಂಬುದು ಆಗ ನೆನಪಿಗೆ ಬರಲಿಲ್ಲ. ಅವಳ ಹೆಸರಿನ ಸದಸ್ಯತ್ವ ಅವಳ ತಮ್ಮನ ಮನೆಯ ಲೆಕ್ಕದಲ್ಲಿದೆ. ಯೂನಿಯನ್ನಿನಲ್ಲಿ ಇಂಥವೆಲ್ಲ ನಡೆಯುತ್ತವೆ.

ಎಲ್ಲರಿಗೂ ಒಂದು ಫಾರಂ ಕಳಿಸಿ, ನಿಮ್ಮ ಬಗ್ಗೆ ನೂರೈವತ್ತು ಪದ ಬರೆಯಿರಿ ಎಂದು ಕೋರಿದೆ. ಏಳು ತಿಂಗಳು ಸಹಾಯಕ ಜಂಟಿ ಸಾಂಸ್ಕೃತಿಕ ಕಾರ್ಯದರ್ಶಿಯಾಗಿದ್ದ ಲೋಕೇಶ್ ಹನ್ನೊಂದು ಪುಟ ಕಳಿಸಿದ. ಜನ್ಮನಕ್ಷತ್ರದಿಂದ ಶುರುವಾಗಿ, ಮೂರನೆಯ ಪುಟದಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿ, ಒಂಬತ್ತನೆಯ ಪುಟದಲ್ಲಿ ಆಸ್ಟ್ರೇಲಿಯಾ ತಲುಪಿದ್ದ. ಫೋಟೋಗಳಂತೂ ಎಲ್ಲವೂ ತಲೆತುಂಬ ಕೂದಲಿದ್ದ ಕಾಲದವು. ನಮ್ಮ ಸಬರ್ಬಿನಲ್ಲಿ ಇಷ್ಟೊಂದು ಕೂದಲು ಒಂದು ಕಾಲಕ್ಕೆ ಇತ್ತೆಂದು ನನಗೇ ಗೊತ್ತಿರಲಿಲ್ಲ!

ಇದೆಲ್ಲ ಕತ್ತರಿಸಿ ಸರಿಮಾಡಬಹುದಿತ್ತು. ತೊಂದರೆ ಬಂದದ್ದು ಇನ್ನೊಂದು ಕಡೆ. ಏಳು ಜನ ತಮ್ಮನ್ನು ಯೂನಿಯನ್ನಿನ ಸ್ಥಾಪಕರು ಎಂದು ಬರೆದುಕೊಂಡಿದ್ದರು. ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಉಳಿದ ಆರು ಜನರೂ ಮೊದಲ ಸಭೆಯ ದಿನ ಬಂದಿದ್ದರು, ಆದರೆ ಊಟಕ್ಕೆ ಬಂದಿದ್ದರು ಎಂದು ಏಳು ಜನರೂ ಹೇಳಿದರು. ಬೇಕಾದರೆ ಜಾನಕಿ ಆಂಟಿಯನ್ನು ಕೇಳಿ, ನಡಾವಳಿ ಪುಸ್ತಕ ಅವರ ಹತ್ತಿರವೇ ಇದೆ ಎಂದೂ ಸೇರಿಸಿದರು.

ಜಾನಕಿ ಆಂಟಿ ಯೂನಿಯನ್ನಿನ ಮೊದಲ ಕಾರ್ಯದರ್ಶಿ. ಈಗ ಎಂಬತ್ತೆರಡು ವರ್ಷ. ಗಂಡ ಹೋದ ಮೇಲೆ ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಸ್ನೇಹಿತರೊಬ್ಬರ ಗೃಹಪ್ರವೇಶಕ್ಕೆಂದು ಆ ಕಡೆ ಹೋಗುವುದಿತ್ತು, ಅವರನ್ನೂ ನೋಡಿಬಂದೆ. ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ನಾಲ್ಕು ನೋಟ್‌ಬುಕ್ಕುಗಳನ್ನು ತಂದು ಮುಂದಿಟ್ಟರು. ಮೊದಲ ಸಭೆ ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ ಆಗ ಅವರಿದ್ದ ಮನೆಯ ಗರಾಜಿನಲ್ಲಿ. ಬಂದವರ ಪಟ್ಟಿಯಲ್ಲಿ ನಮ್ಮ ಏಳು ಸ್ಥಾಪಕರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಅವರಲ್ಲಿ ಇಬ್ಬರು ಆಗಿನ್ನೂ ಈ ದೇಶಕ್ಕೇ ಬಂದಿರಲಿಲ್ಲ.

ಹಾಗಾದರೆ ಜನರನ್ನು ಸೇರಿಸಿದವರು ಯಾರು ಎಂದು ಕೇಳಿದೆ. ಟೆಲಿಫೋನ್ ಡೈರೆಕ್ಟರಿ ಇಟ್ಟುಕೊಂಡು ತಾವೇ ಕೂತರಂತೆ. ಗೌಡ, ಹೆಗಡೆ, ಮೂರ್ತಿ, ರಾವ್ ಎಂದು ಕಂಡ ಹೆಸರಿಗೆಲ್ಲ ಗುರುತು ಹಾಕಿಕೊಂಡು, ಮಧ್ಯಾಹ್ನ ಕೆಲಸ ಮುಗಿಸಿ ಒಂದೊಂದೇ ನಂಬರಿಗೆ ಫೋನ್ ಮಾಡಿ, "ನೀವು ಕನ್ನಡದೋರಾ?" ಎಂದು ಕೇಳುತ್ತಿದ್ದರಂತೆ. ರಾವ್‌ಗಳಲ್ಲಿ ಅರ್ಧ ಜನ ತೆಲುಗರು. ಅವರೂ ಪಾಪ ಊಟಕ್ಕೆ ಬಂದರಂತೆ. ಆದರೆ ಇಷ್ಟೆಲ್ಲ ಮಾಡಿದವರ ಹೆಸರು ಅವರದೇ ನಾಲ್ಕು ನೋಟ್‌ಬುಕ್ಕುಗಳಲ್ಲಿ ಒಂದು ಕಡೆಯೂ ಇರಲಿಲ್ಲ. "ಶ್ರೀ ವೆಂಕಟೇಶಮೂರ್ತಿ ದಂಪತಿಗಳು" ಎಂದು ಗಂಡನ ಹೆಸರಿತ್ತು, ಅಷ್ಟೇ.

ಹೊರಡುವಾಗ ಆಂಟಿ ಬಾಗಿಲ ತನಕ ಬಂದು ಸಂಕೋಚದಿಂದ ಹೇಳಿದರು. "ಒಂದು ಪುಟ ಇದ್ರೆ ಸಾಕು ಕಣಪ್ಪ. ನನ್ನ ಮೊಮ್ಮಗಳು ಮೀರಾಗೆ ಅಜ್ಜಿ ಅಂದ್ರೆ ದೋಸೆ ಹುಯ್ಯೋಳು ಅಷ್ಟೇ. ನಾನೂ ಏನೋ ಮಾಡಿದ್ದೆ ಅಂತ ಅವಳಿಗೊಂದು ಸಲ ತೋರಿಸ್ಬೇಕು."

ನನ್ನ ಕಣ್ಣಲ್ಲಿ ನೀರು ಬಂತು. "ಮೊದಲನೇ ಪುಟವೇ ನಿಮ್ಮದು ಆಂಟಿ" ಎಂದು ಮಾತು ಕೊಟ್ಟೆ. ಆ ಮಾತನ್ನು ಪೂರ್ಣ ಮನಸ್ಸಿನಿಂದಲೇ ಕೊಟ್ಟೆ. ಮಾತು ಕೊಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಸಿಡ್ನಿಗೆ ಬಂದು ಕರಡು ಸಿದ್ಧಮಾಡಿದೆ. ಆಮೇಲೆ ಮಾಡಿದ್ದು ನನ್ನ ಜೀವಮಾನದ ಬುದ್ಧಿವಂತಿಕೆಯ ಕೆಲಸ: ಇಸವಿಗಳನ್ನು ಪರೀಕ್ಷಿಸಿ ಎಂದು ಇಡೀ ಕರಡನ್ನು ಯೂನಿಯನ್ನಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ತಮ್ಮ ಪುಟದ ಇಸವಿಯನ್ನು ಯಾರೂ ನೋಡಲಿಲ್ಲ. ಎಲ್ಲರೂ ಪಕ್ಕದವರ ಪುಟದ ಸಾಲುಗಳನ್ನು ಎಣಿಸಿದರು. ಪ್ರಭಾಕರರಿಗೆ ಮೂವತ್ತೆಂಟು ಸಾಲು, ತನಗೆ ಮೂವತ್ತಾರು, ಇದು ಯಾವ ನ್ಯಾಯ ಎಂದು ಲೋಕೇಶ್ ಕೇಳಿದ. ಎಲ್ಲರಿಗೂ ಮೂವತ್ತೇಳು ಸಾಲು ಮಾಡಿದೆ. ಇದರಿಂದ ಪ್ರಭಾಕರರಿಗೆ ಬೇಸರವಾಯಿತು. ಮುಂದಿನ ವಾರ ನನ್ನ ಹಲ್ಲಿನ ಅಪಾಯಿಂಟ್‌ಮೆಂಟ್ ಇತ್ತು. ಅಧ್ಯಕ್ಷರ ಸಂದೇಶಕ್ಕೆಂದು ಬೇರೆಯೇ ಒಂದು ಪುಟ, ಅದೂ ಮೊದಲ ಪುಟವನ್ನೇ ಕೊಟ್ಟುಬಿಟ್ಟೆ. ಜಾನಕಿ ಆಂಟಿ ಎರಡನೆಯ ಪುಟಕ್ಕೆ ಬಂದರು.

ಕಾರ್ಯದರ್ಶಿಯನ್ನು ಉಪಾಧ್ಯಕ್ಷರಿಗಿಂತ ಮುಂದೆ ಹಾಕುವುದು ಸಂವಿಧಾನಬಾಹಿರ ಎಂದು ಯಾರೋ ಬರೆದರು. ಆಂಟಿ ಹನ್ನೆರಡನೆಯ ಪುಟಕ್ಕೆ ಹೋದರು. ಸಿಡ್ನಿಯಲ್ಲಿರುವವರು ಮುಂದೆ, ಬಿಟ್ಟುಹೋದವರು ಹಿಂದೆ ಇರಲಿ ಎಂದು ಇನ್ನೊಬ್ಬರು. ಆಂಟಿ ಕೊನೆಗೆ ಹೋದರು. ಸ್ಥಾಪಕರ ಜಗಳವನ್ನು ತೀರಿಸಲು ಏಳು ಜನರಿಗೂ "ಸ್ಥಾಪಕರಲ್ಲಿ ಒಬ್ಬರು" ಎಂದು ಬರೆದೆ. ಬೆಳಗಾಗುವಷ್ಟರಲ್ಲಿ ಉಳಿದವರೆಲ್ಲ ತಮ್ಮದೇನು ತಪ್ಪು ಎಂದು ಕೇಳಿದರು. ನನಗೂ ಸಾಕಾಗಿತ್ತು. ಮೂವತ್ತೇಳು ಜನರನ್ನೂ ಸ್ಥಾಪಕರನ್ನಾಗಿ ಮಾಡಿದೆ. ಏನನ್ನೂ ಕೇಳದ ಜಾನಕಿ ಆಂಟಿಯೊಬ್ಬರು ಮಾತ್ರ ಸ್ಥಾಪಕರಾಗಲಿಲ್ಲ.

ಆಮೇಲೆ ಪ್ರೆಸ್ಸಿನವನ ಫೋನ್ ಬಂತು. ಪದಾಧಿಕಾರಿಗಳು ಮೂವತ್ತೆಂಟು ಪುಟ, ಅಧ್ಯಕ್ಷರ ಸಂದೇಶ ಒಂದು, ಸಂಪಾದಕರ ಪರಿಚಯ ಎರಡು, ಒಟ್ಟು ನಲವತ್ತೊಂದು. ಪುಸ್ತಕದ ಪುಟಗಳು ನಾಲ್ಕು ನಾಲ್ಕಾಗಿಯೇ ಬರಬೇಕಂತೆ, ಹಾಗಾಗಿ ನಲವತ್ತು ಮಾಡಿ, ಇಲ್ಲವೇ ನಲವತ್ತನಾಲ್ಕು ಮಾಡಿ ಎಂದ. ನಲವತ್ತನಾಲ್ಕು ಮಾಡಿದರೆ ಮೂರು ಪುಟ ಖಾಲಿ ಉಳಿಯುತ್ತವೆ. ಆ ಸುದ್ದಿ ವಾಟ್ಸಾಪಿಗೆ ಹೋದರೆ ಯೂನಿಯನ್ ಇಬ್ಭಾಗವಾಗುತ್ತದೆ. ಒಂದು ಪುಟ ತೆಗೆಯಲೇಬೇಕು.

"ನಿಮ್ಮದೇ ಎರಡಿದೆಯಲ್ಲ, ಒಂದು ತೆಗೀರಿ" ಎಂದಳು ವಸುಧಾ.

ನಾನು ಅವಳಿಗೆ ಶಾಂತವಾಗಿ ತಿಳಿಹೇಳಿದೆ. ಸಂಪಾದಕರ ಪರಿಚಯದಲ್ಲಿ ಎಡಪುಟ ಜೀವನ, ಬಲಪುಟ ಸಾಧನೆ ಮತ್ತು ಫೋಟೋ. ಒಂದನ್ನು ತೆಗೆದರೆ ಇನ್ನೊಂದಕ್ಕೆ ಅರ್ಥವಿಲ್ಲ. ಅವಳು ತರಕಾರಿ ಹೆಚ್ಚಲು ಹೋದಳು. ನಾನು ಮೂವತ್ತೆಂಟು ಹೆಸರುಗಳ ಪಟ್ಟಿ ಹಿಡಿದು ಕೂತೆ. ಯಾರನ್ನು ತೆಗೆದರೆ ಯಾರು ಜಗಳಕ್ಕೆ ಬರುತ್ತಾರೆ ಎಂದು ಒಬ್ಬೊಬ್ಬರನ್ನೇ ಯೋಚಿಸಿದೆ. ಜಗಳಕ್ಕೆ ಬಾರದವರು ಒಬ್ಬರೇ ಇದ್ದರು. ಆಂಟಿ ದೊಡ್ಡ ಮನಸ್ಸಿನವರು, ತಪ್ಪು ತಿಳಿಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಆ ಪುಟ ಅಳಿಸಿದೆ. ಅಳಿಸುವಾಗ ಕೈ ನಡುಗಿತು ಎಂದು ಬರೆಯಬಹುದಿತ್ತು. ನಡುಗಲಿಲ್ಲ.

ಬೆಳ್ಳಿಹಬ್ಬದ ಭಾನುವಾರ ಹಾಲ್ ತುಂಬಿತ್ತು. ನಾನು ಸಿಲ್ಕ್ ಜುಬ್ಬ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದೆ. ಪ್ರಭಾಕರ್ ಮೈಕ್ ಹಿಡಿದು ಒಂದು ಸರ್‌ಪ್ರೈಸ್ ಇದೆ ಎಂದರು. ಪುಸ್ತಕ ಬಿಡುಗಡೆ ಮಾಡಲು ನಮ್ಮ ಹಿರಿಯರೊಬ್ಬರು ಮೆಲ್ಬರ್ನಿನಿಂದ ಬಂದಿದ್ದಾರಂತೆ. ಪಕ್ಕದ ಬಾಗಿಲಿನಿಂದ ಮೀರಾಳ ಕೈ ಹಿಡಿದು ಜಾನಕಿ ಆಂಟಿ ಬಂದರು. ಮೈಸೂರು ಸಿಲ್ಕ್ ಉಟ್ಟಿದ್ದರು. ನನ್ನನ್ನು ನೋಡಿ ನಕ್ಕರು.

ರಿಬ್ಬನ್ ಬಿಚ್ಚಿದರು, ಚಪ್ಪಾಳೆಯಾಯಿತು. ಪುಸ್ತಕದಿಂದ ನಿಮಗಿಷ್ಟವಾದ ಒಂದು ಭಾಗ ಓದಬೇಕು ಎಂದು ಪ್ರಭಾಕರ್ ಕೋರಿದರು. ಆಂಟಿ ಕನ್ನಡಕ ಹಾಕಿಕೊಂಡು ಮೊದಲ ಪುಟ ತೆರೆದರು. ನಾನು ಮಾತು ಕೊಟ್ಟದ್ದು ಮೊದಲ ಪುಟಕ್ಕಲ್ಲವೇ! ಅಲ್ಲಿ ಪ್ರಭಾಕರ್ ಇದ್ದರು. ಎರಡನೆಯದು ತಿರುವಿದರು. ಮೂರನೆಯದು. ಇಡೀ ಹಾಲ್ ಕಾಯುತ್ತಿತ್ತು, ಮೈಕಿನಲ್ಲಿ ಹಾಳೆ ತಿರುವುವ ಸದ್ದೊಂದೇ. ನಲವತ್ತು ಪುಟಕ್ಕೆ ಇಷ್ಟು ಹೊತ್ತು ಹಿಡಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಬಂದು ನಿಂತರು. ಅಲ್ಲಿ ನಾನಿದ್ದೆ. ಬೇರೆ ದಾರಿ ಕಾಣದೆ ಅದನ್ನೇ ಓದಿದರು.

"ಬಾಲ್ಯದಿಂದಲೇ ಅಸಾಧಾರಣ ಪ್ರತಿಭೆ ತೋರಿದ ಶ್ರೀಕಂಠಮೂರ್ತಿಯವರು ಎಂದೂ ಪ್ರಚಾರ ಬಯಸಿದವರಲ್ಲ." ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಆಂಟಿ ಸ್ಪಷ್ಟವಾಗಿ, ನಿಧಾನವಾಗಿ, ಎರಡು ಪುಟವನ್ನೂ ಪೂರ್ತಿ ಓದಿದರು. ಪೈಪುಗಳ ಪ್ರಶಸ್ತಿಯನ್ನೂ ಬಿಡಲಿಲ್ಲ. ಓದಿ ಮುಗಿಸಿ, ನಿಷ್ಕಪಟವಾಗಿ, "ಚೆನ್ನಾಗಿದೆ. ಯಾರಪ್ಪ ಇದನ್ನ ಬರೆದಿದ್ದು?" ಎಂದು ಕೇಳಿದರು.

ಮುನ್ನೂರು ಕಣ್ಣುಗಳು ನನ್ನ ಕಡೆ ತಿರುಗಿದವು. ನಾನು ಎದ್ದು ನಿಂತೆ. "ನಾನೇ ಆಂಟಿ."

ನಗು ಅಡಗಲು ಬಹಳ ಹೊತ್ತು ಹಿಡಿಯಿತು. ಆಂಟಿ ಮಾತ್ರ ನಗಲಿಲ್ಲ. ವೇದಿಕೆ ಇಳಿದು ಬರುವಾಗ ಮೀರಾ ಪುಸ್ತಕ ಕಿತ್ತುಕೊಂಡು, "ಅಜ್ಜಿ, ವಿಚ್ ಪೇಜ್ ಈಸ್ ಯುವರ್ಸ್?" ಎಂದಳು.

ಆಂಟಿ ನನ್ನ ಕಡೆ ನೋಡಲಿಲ್ಲ. ನನ್ನನ್ನು ಉಳಿಸಲೆಂದೇ ನೋಡಲಿಲ್ಲ. "ನಾನು ಬರೆಯೋ ಕೆಲಸದವಳಮ್ಮ. ಬರೆಯೋರ ಹೆಸರು ಪುಸ್ತಕದಲ್ಲಿ ಇರಲ್ಲ" ಎಂದರು.

ಮೀರಾ ಕೊನೆಯ ಪುಟ ತಿರುವಿ, ನನ್ನ ಫೋಟೋ ಮೇಲೆ ಬೆರಳಿಟ್ಟು ಹೇಳಿದಳು. "ಬಟ್ ಅಜ್ಜಿ, ದಿಸ್ ಅಂಕಲ್ ರೋಟ್ ಇಟ್. ಹಿ ಗಾಟ್ ಟೂ ಪೇಜಸ್."

ಹುಡುಗಿ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನಾಚಿಕೆ ಎಂದರೆ ಏನೆಂದು ನನಗೆ ಅರವತ್ತಮೂರನೆಯ ವಯಸ್ಸಿನಲ್ಲಿ ತಿಳಿಯಿತು. ಸೀದಾ ವೇದಿಕೆ ಹತ್ತಿ, ಮೈಕ್ ತೆಗೆದುಕೊಂಡು, ಡೈರೆಕ್ಟರಿಯ ಕಥೆಯನ್ನೂ ಗರಾಜಿನ ಸಭೆಯನ್ನೂ ನಾನು ಅಳಿಸಿದ ಪುಟವನ್ನೂ ಹೇಳಿಬಿಟ್ಟೆ. ಮೂವತ್ತೇಳು ಸ್ಥಾಪಕರು ತಲೆ ತಗ್ಗಿಸಿ ಕೂತಿದ್ದರು. ಮೀರಾ ಮಾತ್ರ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು.

ಅಲ್ಲಿಯೇ ತುರ್ತು ಸಭೆ ನಡೆಯಿತು. ಎಲ್ಲ ಪ್ರತಿಗಳಲ್ಲೂ ಸಂಪಾದಕರ ಎರಡು ಪುಟಗಳ ಮೇಲೆ ಜಾನಕಿ ಆಂಟಿಯ ಜೀವನ, ಸಾಧನೆ ಮತ್ತು ಫೋಟೋದ ಪುಟಗಳನ್ನು ಅಂಟಿಸತಕ್ಕದ್ದು ಎಂದು ಲೋಕೇಶ್ ಮಂಡಿಸಿದ, ನನ್ನ ಹೆಂಡತಿ ಅನುಮೋದಿಸಿದಳು. ಯೂನಿಯನ್ನಿನ ಇತಿಹಾಸದಲ್ಲೇ ಮೊದಲ ಬಾರಿಗೆ ಒಂದು ನಿರ್ಣಯ ಅವಿರೋಧವಾಗಿ ಪಾಸಾಯಿತು.

ಇಡೀ ವಾರ ಊಟದ ಮೇಜಿನ ಮೇಲೆ ಕೂತು ಗೋಂದು ಹಚ್ಚಿದೆ. ಇನ್ನೂರು ಸಲ ನನ್ನ ಮುಖದ ಮೇಲೆ ನಾನೇ ಹಾಳೆ ಒತ್ತಿದೆ. ಮೊದಲ ಪ್ರತಿ ಕ್ರಾನ್‌ಬರ್ನ್‌ಗೆ ಕಳಿಸುವ ಮುಂಚೆ ವಸುಧಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಕಾಗದ ತೆಳು. ಜಾನಕಿ ಆಂಟಿಯ ತುಟಿಯ ಮೇಲೆ ನನ್ನ ಮೀಸೆ ಕಾಣುತ್ತಿತ್ತು.

"ಇನ್ನೊಂದು ಹಾಳೆ ಅಂಟಿಸಿ" ಎಂದಳು.