ದೋಣಿಯ ಹಿಂಭಾಗದ ಹೆಚ್ಚುವರಿ ಪ್ರಭಾರ

ನೇತ್ರಾವತಿಯಲ್ಲಿ ಒಂದು ಮೊಳಕ್ಕಿಂತ ಎತ್ತರದ ಅಲೆ ಎಬ್ಬಿಸುವವರು ಮೂರು ಪ್ರತಿಗಳಲ್ಲಿ ಅರ್ಜಿ ಕೊಡತಕ್ಕದ್ದು. ನದಿ ತಾನಾಗಿ ಎಬ್ಬಿಸುವ ಅಲೆಗೆ ಮಾತ್ರ ವಿನಾಯಿತಿ. ಯಾಕೆಂದರೆ ನದಿಗೆ ಮನೆ ನಂಬರು ಇಲ್ಲ, ನೋಟಿಸು ಕಳಿಸಿದರೆ ವಾಪಸು ಬರುತ್ತದೆ.

ಇದನ್ನು ನೋಡಿಕೊಳ್ಳಲೆಂದೇ ಕುದ್ರೋಳಿಯಲ್ಲಿ ಅಳಿವೆ ಅಲೆ ನಿಯಂತ್ರಣ ಉಪಕಚೇರಿ ಉಂಟು. ಅಲ್ಲಿಂದ ನದಿ ಕಾಣುವುದಿಲ್ಲ. ಕಂಡರೆ ಪಕ್ಷಪಾತ ಆದೀತು ಎಂದು ಕಿಟಕಿಯನ್ನು ರಸ್ತೆಯ ಕಡೆಗೆ ಇಟ್ಟಿದ್ದಾರೆ.

ತೊಕ್ಕೊಟ್ಟಿನ ದೇಯಿಗೆ ಅರುವತ್ತೆಂಟು ವರ್ಷ ಈ ನಿಯಮ ಗೊತ್ತಿಲ್ಲದೆಯೇ ಕಳೆದಿತ್ತು. ಗೊತ್ತಾದದ್ದು ಮೊಮ್ಮಗಳು ಮೋಕ್ಷಾಳಿಂದ. ದೇಯಿಯ ಮಗ ಮುಖೇಶ್ ದುಬೈಯಲ್ಲಿ ಹನ್ನೊಂದು ವರ್ಷ ಶ್ರೀಮಂತರ ಮಕ್ಕಳನ್ನು ದೋಣಿಯ ಹಿಂದೆ ಹಗ್ಗ ಕಟ್ಟಿ ಎಳೆದವನು. ಈಗ ಊರಿಗೆ ಬಂದು ಒಂದು ಹಳೆಯ ಸ್ಪೀಡ್‌ಬೋಟು ತೆಗೆದುಕೊಂಡು ಸ್ವಂತ ಮಗಳನ್ನೇ ಎಳೆಯುತ್ತಿದ್ದ. ಕಾಲಿಗೆ ಒಂದು ಹಲಗೆ, ಕೈಗೆ ಒಂದು ಹಗ್ಗ. ದೋಣಿ ಓಡುವಾಗ ಹಿಂದೆ ಏಳುವ ಅಲೆಯ ಮೇಲಿಂದ ಹುಡುಗಿ ಹಾರಿ, ಗಾಳಿಯಲ್ಲಿ ಒಂದು ಪಲ್ಟಿ ಹೊಡೆದು, ಪುನಃ ನೀರಿನ ಮೇಲೆ ನಿಲ್ಲಬೇಕು. ವೇಕ್‌ಬೋರ್ಡಿಂಗ್ ಎಂದು ಹೆಸರು. ಬರುವ ತಿಂಗಳು ಒಂದನೇ ತಾರೀಕು ಆದಿತ್ಯವಾರ ಇದೇ ನದಿಯಲ್ಲಿ ರಾಜ್ಯ ತಂಡಕ್ಕೆ ಆಯ್ಕೆ. ಅವರವರ ದೋಣಿ ಅವರವರೇ ತರಬೇಕು. ಹದಿನೇಳು ತುಂಬಿದವರಿಗೆ ಅವಕಾಶ ಇಲ್ಲ, ಮೋಕ್ಷಾಳಿಗೆ ಎರಡನೇ ತಾರೀಕಿಗೆ ಹದಿನೇಳು ತುಂಬುತ್ತದೆ.

ಕಷ್ಟ ಎಂತ ಅಂದರೆ, ದೋಣಿ ಹಗುರ. ಅಲೆ ಏಳುವುದಿಲ್ಲ.

"ಬಾತುಕೋಳಿ ಹೋದರೆ ಗೆರೆ, ಎಮ್ಮೆ ಇಳಿದರೆ ಅಲೆ," ಎಂದಳು ದೇಯಿ. "ನಿನ್ನ ದೋಣಿಯನ್ನು ಎಮ್ಮೆ ಮಾಡು ಮಗಾ."

ಮುಖೇಶ್ ಮಾಡಿದ. ಲಾರಿಯ ಹಳೆ ಟ್ಯೂಬುಗಳನ್ನು ಸೀಳಿ, ಅಂಟಿಸಿ ಎರಡು ದೊಡ್ಡ ಚೀಲ ಮಾಡಿದ. ಒಂದು ಪಂಪು, ಎರಡು ಪೈಪು. ಗುಂಡಿ ಒತ್ತಿದರೆ ನದಿಯ ನೀರು ಚೀಲಕ್ಕೆ ತುಂಬಿ ದೋಣಿಯ ಹಿಂಭಾಗ ಕೆಳಗೆ ಕೂರುತ್ತದೆ, ಇನ್ನೊಂದು ಒತ್ತಿದರೆ ಖಾಲಿ. ಅಂಟು ಒಣಗುವವರೆಗೆ ಮೇಲೆ ಭಾರಕ್ಕೆ ಅಕ್ಕಿಮುಡಿ ಇಟ್ಟವಳು ದೇಯಿ. ಆದುದರಿಂದ ಒಪ್ಪಿಗೆ ಪತ್ರಕ್ಕೆ ಕುದ್ರೋಳಿಗೆ ಹೋಗುವಾಗ ಅವಳೂ ಹೊರಟಳು. ಮಗನಿಗೆ ಸಿಟ್ಟು ಬೇಗ, ಕಚೇರಿಗೆ ಅದು ಆಗುವುದಿಲ್ಲ.

ಉಪ ನಿಯಂತ್ರಕರಾದ ವಿಶ್ವೇಶರು ಅರ್ಜಿ ಓದಿದರು.

"ದೋಣಿಯ ಒಳಗೆ ನೀರು ಬರುತ್ತದಾ?"

"ಬರುವುದಲ್ಲ ಸರ್, ನಾವೇ ತರುವುದು."

"ಅಂದರೆ ನೀವೇ ಮುಳುಗಿಸುವುದು?"

"ಮುಳುಗುವುದಿಲ್ಲ ಸರ್! ಸ್ವಲ್ಪ ಕೂರುತ್ತದೆ."

"ನೋಡಿ, ಒಳಗೆ ನೀರು ಇಲ್ಲದ್ದು ದೋಣಿ. ಇದ್ದರೆ ಅದು ಅಪಘಾತ. ಅಪಘಾತಕ್ಕೆ ನಾವು ಮೊದಲೇ ಒಪ್ಪಿಗೆ ಕೊಡಲಿಕ್ಕಾಗುವುದಿಲ್ಲ, ಆದ ಮೇಲೆ ಬನ್ನಿ." ಮುಖೇಶನ ಕಿವಿ ಕೆಂಪಾದದ್ದು ನೋಡಿ ಅವರೇ ಮೆತ್ತಗಾದರು. "ನೀರು ಅಂತ ಯಾಕೆ ಬರೀತೀರಿ ಮಾರಾಯ್ರೆ? ಹೆಚ್ಚುವರಿ ಭಾರ ಬೇಕು ಅಂತ ಬರೀರಿ. ಭಾರಕ್ಕೆ ಆಕ್ಷೇಪ ಇಲ್ಲ."

ಬೆರಳಚ್ಚಿನ ನೀರಜಾಕ್ಷಿ ಹೊಸ ಅರ್ಜಿ ಹೊಡೆಯಲು ಕೂತರು. 'ದೋಣಿಯ ಹಿಂಭಾಗಕ್ಕೆ ಹೆಚ್ಚುವರಿ' ಎಂಬಲ್ಲಿವರೆಗೆ ಕೈ ತಾನಾಗಿ ಓಡಿತು. ಅಲ್ಲಿ ನಿಂತಿತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರು 'ಹೆಚ್ಚುವರಿ' ಆದ ಮೇಲೆ 'ಪ್ರಭಾರ' ಬಿಟ್ಟು ಬೇರೆ ಪದ ಕಂಡದ್ದಿಲ್ಲ. ಒಬ್ಬ ಅಧಿಕಾರಿಯ ತಲೆಗೆ ಇನ್ನೊಂದು ಹುದ್ದೆಯನ್ನೂ ಹೊರಿಸಿದರೆ ಅದು ಹೆಚ್ಚುವರಿ ಪ್ರಭಾರ. ಅಲ್ಲಿ ಅರ್ಧ ಜನ ಅದರಲ್ಲಿಯೇ ಇದ್ದರು.

"ಪಾಪ, ದುಬೈಯಲ್ಲಿದ್ದವರು, ಕನ್ನಡ ಮರೆತಿದೆ," ಎಂದು ಒಂದು 'ಪ್ರ' ಸೇರಿಸಿದರು.

ದೇಯಿಗೆ ಓದಲು ಬರುವುದಿಲ್ಲ. ಒಂದು ಅಕ್ಷರ ಜಾಸ್ತಿ ಆದದ್ದು ಮಾತ್ರ ಕಂಡಿತು. ಇರಲಿ, ಭಾರ ತಾನೇ, ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದೇ ಎಂದುಕೊಂಡಳು.

ನಾಲ್ಕನೇ ದಿನ ಆದೇಶ ಬಂತು. 'ತೊಕ್ಕೊಟ್ಟು ನಿವಾಸಿ ಮುಖೇಶ್ ಇವರ ದೋಣಿಯ ಹಿಂಭಾಗಕ್ಕೆ ಹೆಚ್ಚುವರಿ ಪ್ರಭಾರದ ಅವಶ್ಯಕತೆ ಇರುವುದನ್ನು ಮನಗಂಡು, ಅಧೀಕ್ಷಕರಾದ ಶ್ರೀ ಬಾಲಚಂದ್ರ ಇವರಿಗೆ ಸದರಿ ಹಿಂಭಾಗದ ಪ್ರಭಾರವನ್ನು ಮುಂದಿನ ಆದೇಶದವರೆಗೆ ವಹಿಸಲಾಗಿದೆ. ನೀರಿನ ಚೀಲಗಳ ವಿಷಯ ಪ್ರತ್ಯೇಕ ಪರಿಶೀಲನೆಯಲ್ಲಿದೆ.'

ಆದೇಶದ ಬೆನ್ನಿಗೇ ಬಾಲಚಂದ್ರರೂ ಬಂದರು. ನೂರ ಎಂಟು ಕಿಲೋ. ಕೊಡೆ, ಬುತ್ತಿ, ಕುರ್ಚಿಗೆ ಒಂದು ದಿಂಬು, ಹಾಜರಿ ಪುಸ್ತಕ, ಮತ್ತು ಕಡತ ತುಂಬಿದ ಒಂದು ಕಬ್ಬಿಣದ ಕಪಾಟು. ಪ್ರಭಾರ ಇದ್ದಲ್ಲಿ ಕಪಾಟು ಇರಬೇಕಂತೆ. ಆರು ಜನ ಸೇರಿ ಅದನ್ನು ದೋಣಿಗೆ ಏರಿಸಿದರು. ಬಾಲಚಂದ್ರರು ಮೊದಲನೇ ಕರ್ತವ್ಯವೆಂದು ಪಂಪಿಗೆ ಅರಗಿನ ಮುದ್ರೆ ಒತ್ತಿದರು.

"ಮಗಾ, ಎಂತ ಇದು?" ಎಂದಳು ದೇಯಿ.

ಮುಖೇಶ್ ದೋಣಿಯ ಹಿಂಭಾಗ ನೋಡುತ್ತಿದ್ದ. ಅದು ಎಮ್ಮೆಯ ಹಾಗೆ ಕೂತಿತ್ತು.

ಆ ದಿನ ಎದ್ದ ಅಲೆ ಕಡಲ ಬದಿಯ ಉಳ್ಳಾಲದವರೂ ಕಂಡಿರದಂಥದ್ದು. ಮೋಕ್ಷಾ ಹಾರಿದಳು, ಬಿದ್ದಳು, ಪುನಃ ಹಾರಿದಳು. ಬಾಲಚಂದ್ರರು ಬೆನ್ನಿಗೆ ನೀರು ಸಿಡಿದರೂ ಅಲುಗಾಡದೆ ಕಡತ ನೋಡಿದರು. ಸರಿಯಾಗಿ ಒಂದೂವರೆಗೆ ಬುತ್ತಿ ಹಿಡಿದು ದೋಣಿಯ ಮುಂಭಾಗಕ್ಕೆ ಹೋದರು. ಅಲೆ ಬಿತ್ತು. ಅದರೊಟ್ಟಿಗೆ ಮೋಕ್ಷಾಳೂ.

"ಸರ್, ಹಿಂದೆಯೇ ಊಟ ಮಾಡಿ ಸರ್!" ಎಂದು ನೀರಿನಿಂದ ಕೂಗಿದಳು.

"ಪ್ರಭಾರದ ಸ್ಥಳದಲ್ಲಿ ಊಟ ಮಾಡುವ ಹಾಗಿಲ್ಲ ಮಗು. ಎರಡೂಕಾಲರ ಮೇಲೆ ಹಾರು."

ಹೀಗೆ ಎರಡು ವಾರ ನಡೆಯಿತು. ಹುಡುಗಿಯ ಪಲ್ಟಿ ಮುಕ್ಕಾಲಕ್ಕೆ ಬಂದು ನಿಂತಿತು. ಬಾಲಚಂದ್ರರಿಗೆ ನದಿಯ ಗಾಳಿಗೆ ಹಸಿವೆ ಹೆಚ್ಚಿ ಇನ್ನೂ ಮೂರು ಕಿಲೋ ಏರಿತು, ಅದನ್ನು ಮುಖೇಶ್ ಮನಸ್ಸಿನಲ್ಲೇ ಸ್ವಾಗತಿಸಿದ. ಕೊನೆಯ ವಾರ ಅವರೇ ಸುದ್ದಿ ಹೇಳಿದರು. ಮೂವತ್ತೊಂದಕ್ಕೆ ನಿವೃತ್ತಿ.

"ಸ್ಪರ್ಧೆ ಒಂದಕ್ಕಲ್ವಾ ಸರ್!" ಎಂದ ಮುಖೇಶ್.

"ಹೆದರಬೇಡಿ. ಹುದ್ದೆ ಖಾಲಿ ಬಿಡುವುದಿಲ್ಲ."

ಬಿಡಲಿಲ್ಲ. ಮೂವತ್ತೊಂದರ ಬೆಳಿಗ್ಗೆ ಸ್ಮೃತಿ ಎಂಬ ಹುಡುಗಿ ಬಂದು ಪ್ರಭಾರ ವಹಿಸಿಕೊಂಡಳು. ಹೊಸದಾಗಿ ಕೆಲಸಕ್ಕೆ ಸೇರಿದವಳು, ನಲುವತ್ತಾರು ಕಿಲೋ. ಕಪಾಟು ಲೆಕ್ಕಪರಿಶೋಧನೆಗೆಂದು ಕುದ್ರೋಳಿಗೆ ವಾಪಸು ಹೋಯಿತು. ದೋಣಿ ಪುನಃ ಬಾತುಕೋಳಿ.

ಮೋಕ್ಷಾ ಹಲಗೆ ಬಿಚ್ಚಿಟ್ಟು ಮೆಟ್ಟಲಲ್ಲಿ ಕೂತಳು. ಅಳಲಿಲ್ಲ, ಹಗ್ಗದ ತುದಿಯನ್ನು ಬಿಚ್ಚಿ ಬಿಚ್ಚಿ ಪುನಃ ಹೆಣೆದಳು. ದೇಯಿಗೆ ಅದನ್ನು ನೋಡಲಾಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಸ್ಸು ಹತ್ತಿದಳು.

"ಸಾಹೇಬರೇ," ಎಂದಳು ವಿಶ್ವೇಶರ ಮೇಜಿನೆದುರು. "ನಿಮ್ಮ ಹುಡುಗಿಯನ್ನು ಬಿಸಿಲಲ್ಲಿ ಕೂರಿಸಿದ್ದೀರಿ. ಬಾಯಾರಿಕೆ ಆದರೆ ಎಂತ ಕುಡಿಯುವುದು?"

ವಿಶ್ವೇಶರು ಪುಸ್ತಕ ತೆರೆದರು. "ಕರ್ತವ್ಯದ ಸ್ಥಳದಲ್ಲಿ ಸಿಬ್ಬಂದಿಗೆ ಸಾಕಷ್ಟು ಕುಡಿಯುವ ನೀರು ಒದಗಿಸತಕ್ಕದ್ದು. ಹೌದು, ಉಂಟು."

"ಸಾಕಷ್ಟು ಅಂದರೆ ಎಷ್ಟು?"

"ಅದು ಬರೆದಿಲ್ಲ."

"ಬಿಸಿಲು ಜೋರು ಉಂಟು. ಒಂದು ಎಂಟುನೂರು ಲೀಟರ್ ಆಗಬಹುದು."

ಅವರು ಕನ್ನಡಕ ಮೇಲೆ ಮಾಡಿದರು. "ಒಬ್ಬಳಿಗೆ?"

"ಸಣ್ಣ ಪ್ರಾಯ ಅಲ್ವಾ ಸಾಹೇಬರೇ. ನಾವೆಲ್ಲ ಆ ಪ್ರಾಯದಲ್ಲಿ ಎಷ್ಟು ಕುಡಿಯುತ್ತಿದ್ದೆವು!"

ವಿಶ್ವೇಶರು ಪುಸ್ತಕದ ಹಾಳೆ ಮಗುಚಿದರು. ಕಡಿಮೆ ಕೊಟ್ಟರೆ ದೂರು ಬಂದೀತು. ಜಾಸ್ತಿ ಕೊಟ್ಟರೆ ಬಂದ ದಾಖಲೆ ಇಲ್ಲ. "ತುಂಬಿಸುವುದು ಹೇಗೆ?"

"ಪಂಪು ಉಂಟು. ನಿಮ್ಮದೇ ಮುದ್ರೆ ಉಂಟು ಅದಕ್ಕೆ."

ಸಂಜೆಯೊಳಗೆ ಆದೇಶ ಆಯಿತು. ಲಾರಿ ಟ್ಯೂಬಿನ ಚೀಲಗಳು 'ಸಿಬ್ಬಂದಿ ಕುಡಿಯುವ ನೀರಿನ ವ್ಯವಸ್ಥೆ' ಎಂದು ನೋಂದಣಿಯಾದವು. ಅರಗು ಒಡೆದರು. ನೀರಜಾಕ್ಷಿ ಈ ಸಲ ಯಾವ ಅಕ್ಷರವನ್ನೂ ಸೇರಿಸಲಿಲ್ಲ. ದೇಯಿ ಪಕ್ಕದಲ್ಲೇ ನಿಂತು ಅಕ್ಷರ ಎಣಿಸಿದ್ದಳು.

ಮರುದಿನ ಆದಿತ್ಯವಾರ. ಪಂಪು ಗುರ್ರೆಂದಿತು, ದೋಣಿ ಕೂತಿತು. ಸ್ಮೃತಿ ತನ್ನ ಎಂಟುನೂರು ಲೀಟರ್ ನೀರಿನ ನಡುವೆ ಬ್ಯಾಗು ತಬ್ಬಿಕೊಂಡು ಕೂತಳು. ಅಲೆ ಎದ್ದಿತು. ಮೋಕ್ಷಾ ಅದರ ನೆತ್ತಿಗೆ ಬಂದು ಹಾರಿದಾಗ ದೇಯಿ ಕಣ್ಣು ಮುಚ್ಚಿದಳು. ತೆರೆದಾಗ ಹುಡುಗಿ ನೀರಿನ ಮೇಲೆ ನಿಂತಿದ್ದಳು, ಪಲ್ಟಿ ಪೂರ್ತಿ ಆಗಿತ್ತು. ದಡದಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಬಾಲಚಂದ್ರರು. ನಿವೃತ್ತಿಯ ಮೊದಲನೇ ದಿನವೂ ದಿಂಬು ಹಿಡಿದೇ ಬಂದಿದ್ದರು.

ಮೋಕ್ಷಾ ಈಗ ರಾಜ್ಯ ತಂಡದಲ್ಲಿದ್ದಾಳೆ. ಕಚೇರಿಯ ವಾರ್ಷಿಕ ವರದಿಯಲ್ಲಿ ಆ ಪಲ್ಟಿ 'ಸಿಬ್ಬಂದಿ ಕಲ್ಯಾಣ' ಎಂಬ ತಲೆಬರಹದ ಕೆಳಗೆ ಬಂದಿದೆ.

ಕಳೆದ ವಾರ ವಿಶ್ವೇಶರು ತಪಾಸಣೆಗೆ ಬಂದಿದ್ದರು. ಚೀಲದಿಂದ ಒಂದು ಲೋಟ ತುಂಬಿಸಿ ಕುಡಿದರು. ನದಿ ಕಡಲು ಸೇರುವ ಅಳಿವೆಯ ನೀರು, ಪಕ್ಕಾ ಸಮುದ್ರದ ಉಪ್ಪು. ಮುಖ ಒಮ್ಮೆ ಕಿವುಚಿಕೊಂಡಿತು, ಪುನಃ ಅಧಿಕಾರಿಯ ಮುಖವಾಯಿತು. 'ನೀರು ಸಾಕಷ್ಟು ಇದೆ. ಕುಡಿಯಲು ಯೋಗ್ಯ,' ಎಂದು ಬರೆದು ಸಹಿ ಹಾಕಿದರು. ದೇಯಿ ಒಂದು ಎಳನೀರಿನ ಬೊಂಡ ಕೆತ್ತಿ ಕೈಗಿಟ್ಟಳು. ಅವರು ಕಣ್ಣುಮುಚ್ಚಿ ತಳದವರೆಗೆ ಕುಡಿದರು.

"ಹೇಗುಂಟು ಸಾಹೇಬರೇ?"

"ಒಳ್ಳೇದುಂಟು," ಎಂದರು ವಿಶ್ವೇಶರು. "ಆದರೆ ಇದು ವ್ಯವಸ್ಥೆಯ ಒಳಗೆ ಬರುವುದಿಲ್ಲ."